ನೀರಿನ ಜಾಡು ಹಿಡಿದು ವಲೆನ್ಸಿಯ ನೋಡಿದ ಬಗೆ

ಸ್ಪೇನಿಗೆ ಹೋಗುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಬಾರ್ಸಿಲೋನಾ ಬಗ್ಗೆ. ನನ್ನ ಮನಸ್ಸಿದ್ದದ್ದು ಅದರ ದಕ್ಷಿಣಕ್ಕಿರುವ ವಲೆನ್ಸಿಯದ ಮೇಲೆ. ಬಿಸಿಲು, ಮರಳು, ನೀಲಿ ಸಮುದ್ರ ಅಲ್ಲೂ ಧಾರಾಳವಾಗಿದೆ. ಆದರೆ ಮಂಡ್ಯದ ನಾಲೆ ಬಯಲಿನಲ್ಲಿ ಬೆಳೆದ ನನ್ನನ್ನು ಎಳೆದದ್ದು ಬೇರೆ ವಿಷಯ: ಅದು ಭತ್ತ ಬೆಳೆಯುವ ಊರು, ನಾಲೆಗಳ ಊರು, ನೀರಿನ ಜಗಳ ತೀರ್ಮಾನ ಮಾಡಲು ರೈತರದ್ದೇ ನ್ಯಾಯಾಲಯ ಇಟ್ಟುಕೊಂಡಿರುವ ಊರು. ಹಾಗಾಗಿ ಪ್ರವಾಸವನ್ನು ಬೀಚಿನ ಸುತ್ತ ಹೆಣೆಯದೆ ನೀರಿನ ಸುತ್ತ ಹೆಣೆದುಕೊಂಡೆ.

ಹೋಗುವ ದಾರಿ ಸುಲಭ. ಸ್ಪೇನಿಗೆ ಬೇಕಾದ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆಯಲ್ಲಿ ವೀಸಾ ಕೇಂದ್ರದ ಸ್ಲಾಟ್ ಸಿಗುವುದು ಕಷ್ಟ, ಬೇಗ ಶುರು ಮಾಡಬೇಕು. ಮ್ಯಾಡ್ರಿಡ್‌ವರೆಗೆ ವಿಮಾನ, ಅಲ್ಲಿಂದ ಎರಡು ಗಂಟೆಯೊಳಗೆ ತಲುಪಿಸುವ ವೇಗದ ರೈಲು. ಇಳಿಯುವ ನಿಲ್ದಾಣಕ್ಕೆ ಚಿತ್ರಕಾರ ಹೋಕಿನ್ ಸೊರೊಯ್ಯನ ಹೆಸರಿಟ್ಟಿದ್ದಾರೆ. ಈ ಊರಿನ ಕಡಲ ದಂಡೆಯ ಬಿಸಿಲನ್ನು ಅವನಷ್ಟು ಚೆನ್ನಾಗಿ ಬರೆದವರಿಲ್ಲ ಎಂಬುದು ನನ್ನ ಅಭಿಪ್ರಾಯ.

ಗುರುವಾರಕ್ಕಾಗಿಯೇ ತಾರೀಖು ಹೊಂದಿಸಿದ್ದೆ. ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಕೆಥೆಡ್ರಲ್ಲಿನ ಅಪೊಸ್ತಲರ ಬಾಗಿಲ ಮುಂದೆ ಜಲ ನ್ಯಾಯಮಂಡಳಿ ಸೇರುತ್ತದೆ. ಅರಬರ ಆಳ್ವಿಕೆಯ ಕಾಲದಿಂದ ಬಂದದ್ದು ಎಂದು ಊರಿನವರು ನಂಬುತ್ತಾರೆ. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಟಿಕೆಟ್ ಇಲ್ಲ. ಹನ್ನೊಂದೂವರೆಗೇ ಹೋಗಿ ಮುಂದಿನ ಸಾಲಿನಲ್ಲಿ ನಿಂತೆ. ಬಾಗಿಲಿನೆದುರು ಕಬ್ಬಿಣದ ಕಟಕಟೆ, ಒಳಗೆ ದುಂಡಗೆ ಹಾಕಿದ ಮರದ ಕುರ್ಚಿಗಳು. ಗಂಟೆ ಹೊಡೆಯುತ್ತಿದ್ದಂತೆ ಕಪ್ಪು ನಿಲುವಂಗಿ ತೊಟ್ಟ ರೈತರು ಬಂದು ಕೂತರು. ಎಂಟು ನಾಲೆಗಳಿಂದ ಆಯ್ಕೆಯಾದ ಪ್ರತಿನಿಧಿಗಳು ಇವರು. ಬಂಟನೊಬ್ಬ ಎದ್ದು ನಿಂತು ಒಂದೊಂದೇ ನಾಲೆಯ ಹೆಸರು ಹಿಡಿದು ಕೂಗಿದ: ಕ್ವಾರ್ತ್ ನಾಲೆಯಲ್ಲಿ ದೂರಿಗೆ ಗುರಿಯಾದವರು ಬನ್ನಿ, ಮಿಸ್ಲಾತಾ ನಾಲೆಯವರು ಬನ್ನಿ, ಹೀಗೆ. ನಾನು ಹೋದ ದಿನ ಯಾರೂ ಮುಂದೆ ಬರಲಿಲ್ಲ. ಕೆಲವೇ ನಿಮಿಷದಲ್ಲಿ ಎಲ್ಲರೂ ಎದ್ದು ಹೋದರು.

ಇಷ್ಟಕ್ಕಾ ಬಂದದ್ದು ಎಂದು ಪಕ್ಕದಲ್ಲಿದ್ದ ಪ್ರವಾಸಿಗರು ಗೊಣಗಿದರು. ನನಗೆ ಮಾತ್ರ ಮೈ ಜುಮ್ಮೆಂದಿತು. ಇಲ್ಲಿ ವಕೀಲರಿಲ್ಲ, ವಿಚಾರಣೆಯೆಲ್ಲ ಬಾಯಿಮಾತಿನಲ್ಲೇ, ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ದೂರು ಯಾವ ನಾಲೆಯದ್ದೋ ಆ ನಾಲೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವಂತಿಲ್ಲ. ಸರದಿ ತಪ್ಪಿಸಿ ನೀರು ಹಾಯಿಸಿಕೊಂಡವನು, ತನ್ನ ಪಾಲಿನ ನಾಲೆ ಹೂಳೆತ್ತದೆ ಬಿಟ್ಟವನು, ಪಕ್ಕದವನ ಗದ್ದೆಗೆ ನೀರು ನುಗ್ಗಿಸಿದವನು ಇವರ ಮುಂದೆ ನಿಲ್ಲಬೇಕು. ನಮ್ಮಲ್ಲಿ ನೀರುಗಂಟಿ ತೂಬಿನ ಬಳಿ ನಿಂತು ಬಗೆಹರಿಸುತ್ತಿದ್ದ ತಕರಾರುಗಳೇ ಇವು. ಕಡೇ ಮಡಿಯ ರೈತನಿಗೆ ನೀರು ತಲುಪುವುದು ಎಷ್ಟು ಕಷ್ಟ ಎಂದು ಕಂಡವರಿಗೆ, ದೂರೇ ಇಲ್ಲದ ಗುರುವಾರದ ಬೆಲೆ ಗೊತ್ತಾಗುತ್ತದೆ.

ಅದೇ ಚೌಕದಲ್ಲಿ ಒಂದು ಕಾರಂಜಿ ಇದೆ. ನಡುವೆ ಒರಗಿ ಮಲಗಿರುವ ಗಂಡಸು ಅಂದರೆ ಈ ನಾಲೆಗಳಿಗೆ ನೀರು ಕೊಡುವ ತೂರಿಯಾ ಹೊಳೆ. ಸುತ್ತ ಬಿಂದಿಗೆಯಿಂದ ನೀರು ಸುರಿಯುವ ಎಂಟು ಹೆಣ್ಣುಗಳು ಎಂಟು ನಾಲೆಗಳು. ನ್ಯಾಯಮಂಡಳಿ ನೋಡಿದ ಮೇಲೆ ನೋಡಿ.

ಆ ಹೊಳೆ ಈಗ ಊರೊಳಗೆ ಹರಿಯುವುದಿಲ್ಲ. 1957ರ ಅಕ್ಟೋಬರ್ 14ರಂದು ತೂರಿಯಾ ಉಕ್ಕಿ 80ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ಹೊಳೆಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿತು. ಬತ್ತಿದ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆ ಬಂದಾಗ ಊರಿನವರು ಒಪ್ಪಲಿಲ್ಲ, ಹಸಿರು ಬೇಕೆಂದು ಹಟ ಹಿಡಿದರು. ಇಂದು ಅದು ಸುಮಾರು 9 ಕಿಲೋಮೀಟರ್ ಉದ್ದದ ತೋಟ. ಬಾಡಿಗೆ ಸೈಕಲ್ಲಿನಲ್ಲಿ ನಾನೂ ಹೆಂಡತಿಯೂ ಬೆಳಗ್ಗೆಯೇ ಹೊರಟೆವು. ತಲೆಯ ಮೇಲೆ ಹಳೆಯ ಕಲ್ಲಿನ ಸೇತುವೆಗಳು, ಕೆಳಗೆ ನೀರಿನ ಬದಲು ಕಿತ್ತಳೆ ಗಿಡ, ಫುಟ್ಬಾಲ್ ಆಡುವ ಹುಡುಗರು. ಕೊನೆಯಲ್ಲಿ ವಾಸ್ತುಶಿಲ್ಪಿ ಕಲಾತ್ರಾವಾ ರೂಪಿಸಿದ ಬಿಳಿಯ ವಿಜ್ಞಾನ ನಗರಿ. ಅದು ಎಲ್ಲರ ಫೋಟೋದಲ್ಲೂ ಇದೆ. ಒಳಗಿನ ಓಷನೊಗ್ರಾಫಿಕ್ ಎಂಬ ಕಡಲಜೀವಿಗಳ ಅಕ್ವೇರಿಯಂ ಮಕ್ಕಳಿದ್ದರೆ ಮಾತ್ರ ದುಡ್ಡಿಗೆ ತಕ್ಕದ್ದು.

ಹೊಳೆ ತಿರುಗಿಸಿದ್ದರಿಂದ ಊರಿನ ನಡುಭಾಗ 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ಉಳಿಯಿತು. ಹೊಸ ಕಾಲುವೆಯಾಚೆಯ ಪಾಯ್ಪೋರ್ತಾದಂಥ ಊರುಗಳಿಗೆ ಆ ಭಾಗ್ಯ ಇರಲಿಲ್ಲ. ವಲೆನ್ಸಿಯ ಸೀಮೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ನಾವಿದ್ದ ಮನೆಯ ಒಡತಿ ಆ ಸಂಜೆಯ ಮಾತು ಬಂದಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿಬಿಟ್ಟರು. ಅಲ್ಲಿಗೆ ಹೋದವರು ಇದನ್ನು ತಿಳಿದಿರಬೇಕು, ಕುತೂಹಲಕ್ಕೆ ಕೆದಕಬಾರದು.

ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ, ನೆತ್ತಿಗೆ ಬರುವುದು ಎರಡರ ಹೊತ್ತಿಗೆ. ಊಟವೂ ಎರಡಕ್ಕೆ, ಆಮೇಲೆ ಐದರವರೆಗೆ ಸಣ್ಣ ಅಂಗಡಿಗಳೆಲ್ಲ ಬಂದ್. ನಾವೂ ಅದೇ ಗಡಿಯಾರಕ್ಕೆ ಹೊಂದಿಕೊಂಡೆವು: ಬೆಳಗ್ಗೆ ಮೆರ್ಕಾತ್ ಸೆಂತ್ರಾಲ್ ಮಾರುಕಟ್ಟೆ, ಅದರೆದುರೇ ಇರುವ ಹಳೆಯ ರೇಷ್ಮೆ ವಹಿವಾಟಿನ ಭವನ, ಊಟ, ನಿದ್ದೆ. ಆರು ದಾಟಿದ ಮೇಲೆ ಟ್ರಾಮ್ ಹತ್ತಿ ಮಾಲ್ವರೋಸಾ ಬೀಚ್. ಕರಾವಳಿಯ ಅಬ್ಬರದ ಅಲೆ ಕಂಡವರಿಗೆ ಈ ಕಡಲು ತುಂಬ ಶಾಂತ ಅನ್ನಿಸುತ್ತದೆ. ಆದರೂ ಕಂಬದ ಮೇಲೆ ಕೆಂಪು ಬಾವುಟ ಇದ್ದರೆ ನೀರಿಗಿಳಿಯಬೇಡಿ.

ಕುಡಿಯಲೇಬೇಕಾದದ್ದು ಒರ್ಚಾತಾ, ಚೂಫಾ ಎಂಬ ಗಡ್ಡೆಯಿಂದ ಮಾಡುವ ಪಾನೀಯ. ನಮ್ಮ ಹೊಲದಲ್ಲಿ ಕಿತ್ತಷ್ಟೂ ಬರುವ ಕೊನ್ನಾರಿ ಗಡ್ಡೆಯ ಹತ್ತಿರದ ನೆಂಟ ಚೂಫಾ. ಅದನ್ನು ಅಲ್ಲಿ ಮರಳು ಮಣ್ಣಿನಲ್ಲಿ ಬೆಳೆಯಾಗಿ ಬೆಳೆಯುತ್ತಾರೆ. ಗಡ್ಡೆ ನೆನೆಸಿ, ಅರೆದು, ಹಿಂಡಿ, ಸಕ್ಕರೆ ಹಾಕಿ ತಣ್ಣಗೆ ಕೊಡುತ್ತಾರೆ. ಹಾಲು ಸೇರಿಸುವುದಿಲ್ಲ. ಮೆಟ್ರೋದಲ್ಲಿ ಆಲ್ಬೊರಾಯಾಕ್ಕೆ ಹೋಗಿ ಚೂಫಾ ಹೊಲದ ಪಕ್ಕದಲ್ಲೇ ಕುಡಿಯಿರಿ, ಜೊತೆಗೆ ಅದ್ದಿ ತಿನ್ನಲು ಫಾರ್ತೋನ್ ಎಂಬ ಉದ್ದನೆಯ ಮೆತ್ತನೆ ಬನ್ ಇರಲಿ.

ಊರಿನ ಕೆಂಪು ಬಸ್ಸಿನಲ್ಲಿ ದಕ್ಷಿಣಕ್ಕೆ ಹೋದರೆ ಆಲ್ಬುಫೇರಾ ಸರೋವರ, ಅದರ ದಂಡೆಯಲ್ಲಿ ಎಲ್ ಪಾಲ್ಮಾರ್ ಹಳ್ಳಿ. ಬಸ್ಸಿನ ಕಿಟಕಿಯಲ್ಲಿ ಕಂಡದ್ದು ಎಳೆ ಪೈರಿನ ಗದ್ದೆ, ಬದು, ಕೊಕ್ಕರೆ. ಸರೋವರ ಮತ್ತು ಸಮುದ್ರದ ನಡುವೆ ಗೇಟುಗಳಿವೆ. ಭತ್ತದ ಋತು ನೋಡಿಕೊಂಡು ನೀರಿನ ಮಟ್ಟ ಏರಿಸುತ್ತಾರೆ, ಇಳಿಸುತ್ತಾರೆ. ಮೇ ತಿಂಗಳಲ್ಲಿ ಬಿತ್ತನೆ, ಸೆಪ್ಟೆಂಬರಿನಲ್ಲಿ ಕೊಯ್ಲು. ದೋಣಿಯವನಿಗೆ ನಮ್ಮದೂ ಭತ್ತದ ಸೀಮೆ ಅಂದದ್ದೇ ತಡ, ಎಕರೆಗೆ ಎಷ್ಟು ಬೆಳೆಯುತ್ತೀರಿ ಎಂದು ಕೇಳಿದ. ದೋಣಿ ದಡ ಸೇರುವವರೆಗೂ ಅದೇ ಮಾತು.

ಪಾಯೆಯ್ಯಾ ಎಂಬ ಅಕ್ಕಿಯ ಅಡುಗೆಯನ್ನು ಇಲ್ಲೇ ತಿನ್ನಬೇಕು, ಅದೂ ಮಧ್ಯಾಹ್ನ. ರಾತ್ರಿಗೆ ಅದು ಭಾರ ಅನ್ನುತ್ತಾರೆ ಸ್ಥಳೀಯರು. ಅಗಲ ಬಾಣಲೆಯಲ್ಲಿ ಅಕ್ಕಿಯನ್ನು ತೆಳ್ಳಗೆ ಹರಡಿ, ಒಮ್ಮೆ ನೀರು ಕುದಿ ಬಂದ ಮೇಲೆ ಸೌಟು ಹಾಕುವುದೇ ಇಲ್ಲ. ತಳದಲ್ಲಿ ಕೆಂಪಗೆ ಗರಿಗರಿಯಾಗಿ ಕಟ್ಟಿದ ಪದರವೇ ಸೊಕರ್ರಾತ್. ಚಮಚದಲ್ಲಿ ಕೆರೆದು ತಿನ್ನುವುದಕ್ಕೆ ಪೈಪೋಟಿ. ಮೂಲ ಪಾಯೆಯ್ಯಾದಲ್ಲಿ ಕೋಳಿ, ಮೊಲ, ಅಗಲ ಅವರೆಯಂಥ ಗಾರೊಫೋ ಕಾಳು ಇರುತ್ತವೆ. ನನ್ನ ಹೆಂಡತಿ ಮಾಂಸ ತಿನ್ನುವುದಿಲ್ಲ. ತರಕಾರಿ ಪಾಯೆಯ್ಯಾ ಸಿಗುತ್ತದೆ, ಆದರೆ ಬೇಯಿಸುವ ನೀರು ಕೋಳಿಯದ್ದೋ ಮೀನಿನದ್ದೋ ಆಗಿರಬಹುದು. ಹಿಂದಿನ ದಿನವೇ ಫೋನ್ ಮಾಡಿಸಿ, ‘ಸಿನ್ ಕಾರ್ನೆ, ಸಿನ್ ಪೆಸ್ಕಾದೋ, ಕಾಲ್ದೋ ದೆ ವೆರ್ದುರಾಸ್’ ಎಂದು ಹೇಳಿಸಿದೆವು: ಮಾಂಸ ಬೇಡ, ಮೀನು ಬೇಡ, ತರಕಾರಿ ಬೇಯಿಸಿದ ನೀರೇ ಆಗಲಿ. ಸಾಮಾನ್ಯವಾಗಿ ಇಬ್ಬರಿಗಿಂತ ಕಡಿಮೆ ಜನಕ್ಕೆ ಮಾಡಿಕೊಡುವುದಿಲ್ಲ, ಒಬ್ಬರೇ ಹೋಗುವವರು ಜೊತೆ ನೋಡಿಕೊಳ್ಳಿ. ಸಂಜೆಯ ಬಸ್ಸಿನ ಕೊನೆಯ ಸಮಯವನ್ನು ನಿಲ್ದಾಣದಲ್ಲಿ ಇಳಿದಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ, ಊಟ ಅಷ್ಟು ಬೇಗ ಮುಗಿಯುವುದಿಲ್ಲ.