ಪಿಸಿವಿ 54 ದಾಟದಂತೆ ಟೆಸ್ಟೋಸ್ಟೆರಾನ್: ನನ್ನ ಅನುಭವ

ಟೆಸ್ಟೋಸ್ಟೆರಾನ್ ತಗೊಂಡರೆ ರಕ್ತ ಗಟ್ಟಿಯಾಗುತ್ತದೆ, ಹಾರ್ಟಿಗೆ ಬರುತ್ತದೆ ಅಂತ ಹೆದರಿಸಿದವರೇ ಜಾಸ್ತಿ. ಎರಡು ವರ್ಷದ ಮೇಲಾಯಿತು, ಈಗ ನನ್ನ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 48-49ರಲ್ಲೇ ಇದೆ. ಮೈಸೂರಿನ ಸರಸ್ವತಿಪುರಂ ಜಿಮ್ಮಿನವರು ಈಗ ರಿಪೋರ್ಟ್ ಹಿಡಿದು ನನ್ನನ್ನೇ ಹುಡುಕುತ್ತಾರೆ.

ಟೆಸ್ಟೋಸ್ಟೆರಾನ್ ಕಡಿಮೆ ಇದೆಯಾ ಅಂತ ನೋಡುವ ಮೊದಲ ಟೆಸ್ಟೇ ದಂಡ. ಲ್ಯಾಬಿನವರು ಊಟ ಆದ ಮೇಲೆ, ಮಧ್ಯಾಹ್ನ 3ಕ್ಕೆ ಸ್ಯಾಂಪಲ್ ತೆಗೆದರು. ಆ ಹೊತ್ತಿಗೆ ಯಾರದ್ದಾದರೂ ಕಡಿಮೆಯೇ ಬರುತ್ತದೆ ಅಲ್ವಾ? ಬೇರೆ ಕಡೆ ಬೆಳಿಗ್ಗೆ 8ಕ್ಕೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ ಕೊಟ್ಟೆ. ಎರಡರಲ್ಲೂ 200 ಚಿಲ್ಲರೆ, ಕಡಿಮೆಯೇ. ಕೂದಲಿಗೆ ನುಂಗುತ್ತಿದ್ದ ಬಯೋಟಿನ್ ಮಾತ್ರೆಯನ್ನು ಮುಂಚೆಯೇ ನಿಲ್ಲಿಸಿದ್ದೆ. ಕೆಲವು ಮೆಷಿನ್ನಿನಲ್ಲಿ ಅದು ಅಂಕಿ ಏರಿಸಿ ತೋರಿಸುತ್ತದೆ. ಎಲ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನುಗಳು, ಪ್ರಾಸ್ಟೇಟಿನ ಪಿಎಸ್‌ಎ, ರಕ್ತಕಣ ಎಣಿಸುವ ಸಿಬಿಸಿ ಸೇರಿ 4,000 ಹತ್ತಿರ ಹೋಯಿತು. ಮಕ್ಕಳು ಬೇಕು ಅನ್ನುವವರು ಇಲ್ಲೇ ನಿಲ್ಲಿ, ಟೆಸ್ಟೋಸ್ಟೆರಾನ್ ತಗೊಂಡರೆ ವೀರ್ಯಾಣು ನೆಲಕಚ್ಚುತ್ತದೆ.

ಮೊದಲು ಹಚ್ಚಿದ ಟೆಸ್ಟೋಸ್ಟೆರಾನ್ ಜೆಲ್ ತಿಂಗಳೊಳಗೇ ಬಿಟ್ಟೆ. ಭುಜಕ್ಕೆ ಹಚ್ಚಿಕೊಂಡು ಪುಟ್ಟ ಮಗಳನ್ನು ಎತ್ತಿಕೊಳ್ಳುವ ಹಾಗಿಲ್ಲ, ಅವಳ ಮೈಗೂ ಹತ್ತುತ್ತದೆ. ಆಮೇಲೆ ಟೆಸ್ಟೋಸ್ಟೆರಾನ್ ಎನಾಂಥೇಟ್ ಇಂಜೆಕ್ಷನ್ 250 ಎಂಜಿ, ಮೂರು ವಾರಕ್ಕೊಮ್ಮೆ. ಮೊದಲ ವಾರ ರಾಜ, ಮೂರನೇ ವಾರ ಅದೇ ಸುಸ್ತು. ಪಿಸಿವಿ 53ಕ್ಕೆ ಹೋಯಿತು. 54 ದಾಟಿದರೆ ನಿಲ್ಲಿಸಲೇಬೇಕು.

ಒಟ್ಟು ಡೋಸ್ ಏರಿಸುವುದು ಬೇಡ, ಅದನ್ನೇ ಚಿಕ್ಕದಾಗಿ ಹಂಚಿ ವಾರಕ್ಕೆ 75 ಕೊಡಿ ಅಂತ ಡಾಕ್ಟರ ಮುಂದೆ ಕೂತೆ. ಸುಮ್ನೆ ಖರ್ಚು ಅಂದರು. ಅದೂ ನಿಜವೇ. ಒಡೆದ ಆ್ಯಂಪೂಲ್ (ಔಷಧದ ಗಾಜಿನ ಸೀಸೆ) ಇಟ್ಟುಕೊಳ್ಳಬಾರದು, ಉಳಿದದ್ದು ಚೆಲ್ಲುವುದೇ. ತಿಂಗಳಿಗೆ 400 ಆಗುತ್ತಿದ್ದದ್ದು 1,200 ಆಯಿತು. ಕೊನೆಗೆ ಒಪ್ಪಿದರು. ಮೂರು ತಿಂಗಳಿಗೆ ಪಿಸಿವಿ 49! ಇದೇ ಹೊತ್ತಿಗೆ ಗೊರಕೆಗೂ ಮೆಷಿನ್ ಹಾಕಿಸಿಕೊಂಡಿದ್ದೆ. ನಿದ್ದೆಯಲ್ಲಿ ಉಸಿರು ಕಟ್ಟಿದರೂ ಪಿಸಿವಿ ಏರುತ್ತದೆ, ಹಾಗಾಗಿ ಪೂರ್ತಿ ಕ್ರೆಡಿಟ್ ಇಂಜೆಕ್ಷನ್ನಿಗೆ ಕೊಡಲಾರೆ.

ಒಮ್ಮೆ ಬೇಕಂತಲೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ನೀರು ಕಮ್ಮಿ ಕುಡಿದು, ಮರುದಿನ ರಕ್ತ ಕೊಟ್ಟು ನೋಡಿದೆ. ಪಿಸಿವಿ ಒಂದೂವರೆ ಪಾಯಿಂಟ್ ಜಾಸ್ತಿ ಬಂತು! ಈಗ ಹಿಂದಿನ ದಿನ ಚೆನ್ನಾಗಿ ನೀರು ಕುಡಿದೇ ಹೋಗುತ್ತೇನೆ.

ಹಾರ್ಟ್ ಅನ್ನುವವರಿಗೆ ಟೆಸ್ಟೋಸ್ಟೆರಾನ್ ಕೊಟ್ಟು ಹಾರ್ಟ್ ನೋಡಿದ 2023ರ ಟ್ರಾವರ್ಸ್ ಟ್ರಯಲ್ ತೋರಿಸುತ್ತೇನೆ. 5,000ಕ್ಕೂ ಹೆಚ್ಚು ಗಂಡಸರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಹೆಚ್ಚಲಿಲ್ಲ. ಆದರೆ ಎದೆಬಡಿತ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿ ಕಂಡಿತು. ಅವರು ಕೊಟ್ಟಿದ್ದು ಜೆಲ್, ನನ್ನದು ಸೂಜಿ. ಅದಕ್ಕೇ ಆರು ತಿಂಗಳಿಗೊಮ್ಮೆ ಸಿಬಿಸಿ ಬಿಡುವುದಿಲ್ಲ. ಟೆಸ್ಟೋಸ್ಟೆರಾನಿಗೆ ಮಾತ್ರ ಇಂಜೆಕ್ಷನ್ ದಿನವೇ ಬೆಳಿಗ್ಗೆ, ಸೂಜಿ ಹಾಕುವ ಮುಂಚೆ ರಕ್ತ ಕೊಡುತ್ತೇನೆ. ಮುಂದಿನ ಪಿಎಸ್‌ಎ ಡಿಸೆಂಬರಿಗೆ.