ಹಾಯಿದೋಣಿಯ ಮನೆಗೆ ಸೌರವಿದ್ಯುತ್: ನಾವು ಹಾಕಿದ ಲೆಕ್ಕ

ಮಲೇಷ್ಯಾದ ಲಂಕಾವಿ ದ್ವೀಪದ ಕುವಾ ಪಟ್ಟಣದ ಎದುರು ಲಂಗರು ಹಾಕಿರುವ 38 ಅಡಿಯ ಹಳೆಯ ಹಾಯಿದೋಣಿಯೇ ನನ್ನ ಮತ್ತು ನನ್ನ ಹೆಂಡತಿಯ ಮನೆ. ದೋಣಿಯನ್ನು ಕೊಂಡಾಗ ಅದರಲ್ಲಿ ತಲಾ 100 ವಾಟ್‌ನ ಎರಡು ಸೋಲಾರ್ ಪ್ಯಾನೆಲ್‌ಗಳೂ, ನಮ್ಮ ಊರಿನ ಮನೆಯ ಯುಪಿಎಸ್‌ನಲ್ಲಿರುವಂಥ 100 ಎಎಚ್‌ನ (ಆಂಪಿಯರ್-ಗಂಟೆ, ಬ್ಯಾಟರಿ ಎಷ್ಟು ಹಿಡಿಯುತ್ತದೆಂಬ ಅಳತೆ) ಎರಡು ಲೆಡ್ ಆ್ಯಸಿಡ್ ಬ್ಯಾಟರಿಗಳೂ ಇದ್ದವು. 200 ವಾಟ್, ದಿನಕ್ಕೆ ಎಂಟು ತಾಸು ಬಿಸಿಲು, ಒಟ್ಟು 1.6 ಯೂನಿಟ್ (ಒಂದು ಯೂನಿಟ್ ಎಂದರೆ 1000 ವಾಟ್-ಗಂಟೆ), ಇಬ್ಬರಿಗೆ ಇಷ್ಟು ಸಾಕು ಎಂದು ನಾನು ನಂಬಿದ್ದೆ. ಮೊದಲ ವಾರದಲ್ಲೇ ಒಂದು ನಸುಕಿನ ನಾಲ್ಕು ಗಂಟೆಗೆ ವೋಲ್ಟೇಜ್ ಕುಸಿದು ಫ್ರಿಜ್ ತಾನಾಗಿ ನಿಂತುಬಿಟ್ಟಿತು.

ಪ್ಯಾನೆಲ್‌ನಿಂದ ಲೆಕ್ಕ ಆರಂಭಿಸಿದ್ದೇ ನನ್ನ ತಪ್ಪಾಗಿತ್ತು. ಖರ್ಚು ಗೊತ್ತಿಲ್ಲದೆ ಆದಾಯದ ಯೋಜನೆ ಮಾಡಲಾಗದು. ಹೆಂಡತಿ ಒಂದು ನೋಟ್‌ಬುಕ್ ಇಟ್ಟು, ಕ್ಲ್ಯಾಂಪ್ ಮೀಟರ್ ಹಿಡಿದು, ಒಂದು ವಾರ ಪ್ರತಿಯೊಂದು ಉಪಕರಣ ಎಷ್ಟು ಎಳೆಯುತ್ತದೆ, ಎಷ್ಟು ಹೊತ್ತು ನಡೆಯುತ್ತದೆ ಎಂದು ಬರೆದಳು. ಫ್ರಿಜ್‌ನ ಕಂಪ್ರೆಸರ್ ಚಾಲೂ ಇರುವಾಗ 45 ವಾಟ್. ಇಲ್ಲಿಯ ಸೆಕೆಯಲ್ಲಿ ಅದು ದಿನಕ್ಕೆ 14 ತಾಸು ಓಡುತ್ತಿತ್ತು, ಅಲ್ಲಿಗೇ 630 ವಾಟ್-ಗಂಟೆ. ಇಬ್ಬರ ಲ್ಯಾಪ್‌ಟಾಪ್‌ಗಳಿಗೆ 350, ಮೂರು ಪುಟ್ಟ ಫ್ಯಾನ್‌ಗಳಿಗೆ 170, ದೀಪಗಳಿಗೆ 80, ನೀರಿನ ಪಂಪು, ವಿಎಚ್‌ಎಫ್ ರೇಡಿಯೊ, ಫೋನುಗಳಿಗೆ 150. ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಇನ್ವರ್ಟರ್: ಅದಕ್ಕೆ ಏನನ್ನೂ ಜೋಡಿಸದೆ ಸುಮ್ಮನೆ ಆನ್ ಇಟ್ಟರೂ 10 ವಾಟ್ ಎಳೆಯುತ್ತಿತ್ತು, 24 ತಾಸಿಗೆ 240 ವಾಟ್-ಗಂಟೆ, ಅಂದರೆ ಮೂರು ಫ್ಯಾನ್‌ಗಳಿಗಿಂತ ಹೆಚ್ಚು. ಅಂದಿನಿಂದ ಲ್ಯಾಪ್‌ಟಾಪ್‌ಗಳನ್ನು ನೇರವಾಗಿ 12 ವೋಲ್ಟ್‌ನ ಚಾರ್ಜರ್‌ಗೆ ಹಾಕುತ್ತೇವೆ, ಇನ್ವರ್ಟರ್ ಬೇಕಾದಾಗ ಮಾತ್ರ. ಅಡುಗೆಯನ್ನು ಈ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಅನ್ನ ಸಾರಿಗೆ ಗ್ಯಾಸ್ ಒಲೆಯೇ ಇರಲಿ ಎಂದು ನಿರ್ಧರಿಸಿದೆವು.

ಲಂಗರಿನಲ್ಲಿರುವಾಗ ದಿನಕ್ಕೆ ಸುಮಾರು ಒಂದೂವರೆ ಯೂನಿಟ್. ಆದರೆ ಇಲ್ಲಿಂದ ಸುಮಾರು 120 ನಾಟಿಕಲ್ ಮೈಲಿ ದೂರದ ಫುಕೆಟ್ ಕಡೆಗೆ ಹಾಯಿ ಬಿಚ್ಚಿ ಹೊರಟರೆ ಚುಕ್ಕಾಣಿ ಹಿಡಿಯುವ ಆಟೊಪೈಲಟ್ ಒಂದೇ ಸರಾಸರಿ 40 ವಾಟ್‌ನಂತೆ ಹಗಲಿರುಳು ಉಣ್ಣುತ್ತದೆ. ನಕ್ಷೆಯ ಪರದೆ ಮತ್ತು ಉಳಿದ ಸಾಧನಗಳನ್ನು ಸೇರಿಸಿದರೆ ಖರ್ಚು ಎರಡೂವರೆ ಯೂನಿಟ್ ಮುಟ್ಟುತ್ತದೆ. ಯೋಜನೆಯನ್ನು ಈ ಎರಡನೆಯ ಅಂಕಿಗೆ ಮಾಡಬೇಕು.

ಇನ್ನು ನೆರಳಿನ ವಿಷಯ. ಹಾಯಿದೋಣಿಗೂ ಮನೆಯ ತಾರಸಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಹಳೆಯ ಎರಡು ಪ್ಯಾನೆಲ್‌ಗಳು ಚುಕ್ಕಾಣಿಯ ಮೇಲಿನ ಬಟ್ಟೆಯ ಚಪ್ಪರದಲ್ಲಿದ್ದವು, ಒಂದಕ್ಕೊಂದು ಸೀರೀಸ್‌ನಲ್ಲಿ, ಅಂದರೆ ಸರಪಳಿಯಂತೆ ಒಂದರ ಹಿಂದೊಂದು, ಜೋಡಿಸಲ್ಪಟ್ಟಿದ್ದವು. ಒಂದು ಮಧ್ಯಾಹ್ನ ಮುಖ್ಯ ಹಾಯಿಯ ಕೆಳಗಿನ ಅಡ್ಡಕಂಬದ, ಅಂದರೆ ಬೂಮ್‌ನ, ಅಂಗೈ ಅಗಲದ ನೆರಳು ಒಂದು ಪ್ಯಾನೆಲ್‌ನ ಮೇಲೆ ಬಿದ್ದಿತ್ತು. ಹೆಂಡತಿ ಕೆಳಗೆ ಬ್ಯಾಟರಿಯ ಬಳಿ ಮೀಟರ್ ಹಿಡಿದು ಕೂತಳು. ನಾನು ಮೇಲೆ ಬೂಮ್‌ಗೆ ಹಗ್ಗ ಕಟ್ಟಿ ಮೆಲ್ಲಗೆ ಬಲಕ್ಕೆ ಎಳೆಯತೊಡಗಿದೆ. “ನಾಲ್ಕೂ ಕಾಲು ಆಂಪಿಯರ್... ಇನ್ನೂ ಅಷ್ಟೇ ಇದೆ...” ಎನ್ನುತ್ತಿದ್ದವಳು ನೆರಳು ಅಂಚು ದಾಟಿದೊಡನೆ, “ರೀ, ಅಲ್ಲೇ ಕಟ್ಟಿಬಿಡಿ, ಹತ್ತೂ ಮುಕ್ಕಾಲು ಬಂತು!” ಎಂದು ಕೂಗಿದಳು. ಪ್ಯಾನೆಲ್‌ಗಳ ವಿಸ್ತೀರ್ಣದ ಹತ್ತನೆಯ ಒಂದು ಪಾಲನ್ನೂ ಮುಚ್ಚದ ನೆರಳು ಅರ್ಧಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗಿತ್ತು. ಪ್ಯಾನೆಲ್‌ನೊಳಗೆ ಸೀರೀಸ್‌ನಲ್ಲಿರುವ ಸೌರಕೋಶಗಳಲ್ಲಿ ಒಂದೇ ಪ್ರವಾಹ ಹರಿಯಬೇಕಾದ್ದರಿಂದ ನೆರಳಿನ ಕೋಶ ಉಳಿದವನ್ನೂ ತಡೆಯುತ್ತದೆ; ಬೈಪಾಸ್ ಡಯೋಡ್ ಆ ಭಾಗವನ್ನು ಬದಿಗೊತ್ತಿ ಹರಿವನ್ನು ಉಳಿಸುತ್ತದೆಯಾದರೂ ಆ ಭಾಗದ ವೋಲ್ಟೇಜ್ ಕೈಬಿಟ್ಟುಹೋಗುತ್ತದೆ. ಲಂಗರು ಹಾಕಿದ ಮೇಲೆ ಬೂಮ್ ಅನ್ನು ಬದಿಗೆಳೆದು ಕಟ್ಟುವುದು ಈಗ ನಮಗೆ ದಿನಚರಿ.

ಈ ಪ್ರಯೋಗವೇ ಹೊಸ ಜೋಡಣೆಯ ಸ್ವರೂಪವನ್ನು ನಿರ್ಧರಿಸಿತು. ದೋಣಿಯಲ್ಲಿ ಕಂಬ, ಹಗ್ಗ, ಹಾಯಿಗಳ ನೆರಳಿನಿಂದ ಆದಷ್ಟು ದೂರವಿರುವ ಜಾಗವೆಂದರೆ ಹಿಂಭಾಗದ ತುದಿ. ಅಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳ ಕಮಾನು ಕಟ್ಟಿಸಿ, ತಲಾ 400 ವಾಟ್‌ನ ಎರಡು ಪ್ಯಾನೆಲ್‌ಗಳನ್ನು ಕೂರಿಸಿದೆವು. ಒಂದೊಂದಕ್ಕೂ ಬೇರೆಯದೇ ಆದ 30 ಆಂಪಿಯರ್‌ನ ಎಂಪಿಪಿಟಿ ಕಂಟ್ರೋಲರ್, ಅಂದರೆ ಪ್ಯಾನೆಲ್‌ನಿಂದ ಸಿಗುವ ಗರಿಷ್ಠ ಶಕ್ತಿಯನ್ನು ಹೆಕ್ಕಿ ಬ್ಯಾಟರಿಗೆ ತುಂಬುವ ಸಾಧನ. ಒಂದು ನೆರಳಿನಲ್ಲಿದ್ದರೂ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತದೆ. ಕರ್ನಾಟಕದಲ್ಲಿ ತಾರಸಿಯ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಓರೆಮಾಡಿ ನಿಲ್ಲಿಸುವುದನ್ನು ನೋಡಿದ್ದ ನನಗೆ ಇಲ್ಲೂ ಹಾಗೇ ಮಾಡಬೇಕೆನಿಸಿತ್ತು. ಆದರೆ ಲಂಗರಿನಲ್ಲಿರುವ ದೋಣಿ ಗಾಳಿಗೂ ಉಬ್ಬರವಿಳಿತಕ್ಕೂ ತಿರುಗುತ್ತಲೇ ಇರುತ್ತದೆ, ಅದಕ್ಕೆ ದಕ್ಷಿಣವೆಂಬುದಿಲ್ಲ. ಮೇಲಾಗಿ ಭೂಮಧ್ಯರೇಖೆಯಿಂದ ಬರಿ ಆರು ಡಿಗ್ರಿ ದೂರದ ಈ ಜಾಗದಲ್ಲಿ ಸೂರ್ಯ ನೆತ್ತಿಯ ಹತ್ತಿರವೇ ಹಾಯುತ್ತಾನೆ. ಆದ್ದರಿಂದ ಮಟ್ಟಸವಾಗಿ ಹಾಕಿ, ಅಡಿಯಲ್ಲಿ ಗಾಳಿಯಾಡಲು ಜಾಗ ಬಿಟ್ಟೆವು, ಏಕೆಂದರೆ ಪ್ಯಾನೆಲ್ ಬಿಸಿಯಾದಷ್ಟೂ ಅದರ ಉತ್ಪಾದನೆ ಕುಗ್ಗುತ್ತದೆ. ಶಾಖ, ಮೋಡ, ತಂತಿಯ ನಷ್ಟ ಎಲ್ಲವನ್ನೂ ಕಳೆದು 800 ವಾಟ್‌ನಿಂದ ಒಳ್ಳೆಯ ದಿನಕ್ಕೆ ಎರಡೂವರೆ ಯೂನಿಟ್ ಎಂದು ಹಿಡಿದೆ; ನೋಟ್‌ಬುಕ್ ಅದನ್ನು ಸುಳ್ಳಾಗಿಸಿಲ್ಲ. ಇದೇ ಲೆಕ್ಕದಲ್ಲಿ ಹಳೆಯ 200 ವಾಟ್‌ನಿಂದ ನಾನು ನಂಬಿದ್ದ 1.6 ಅಲ್ಲ, ಮುಕ್ಕಾಲು ಯೂನಿಟ್ಟೂ ಸಿಗುತ್ತಿರಲಿಲ್ಲ.

ಬ್ಯಾಟರಿಯನ್ನು 400 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್‌ಗೆ ಬದಲಾಯಿಸಿದೆವು. ಲೆಡ್ ಆ್ಯಸಿಡ್‌ನಲ್ಲಿ ಆಯುಷ್ಯ ಉಳಿಯಬೇಕಾದರೆ ಅರ್ಧದಷ್ಟನ್ನೇ ಬಳಸಬೇಕು. ಜೊತೆಗೆ ಅದು ಕೊನೆಯ ಐದನೆಯ ಒಂದು ಪಾಲನ್ನು ಗಂಟೆಗಟ್ಟಲೆ ನಿಧಾನವಾಗಿ ತುಂಬಿಕೊಳ್ಳುವುದರಿಂದ ಮಧ್ಯಾಹ್ನದ ಬಿಸಿಲು ವ್ಯರ್ಥವಾಗುತ್ತದೆ. ಲಿಥಿಯಂ ಬಂದಷ್ಟನ್ನೂ ನುಂಗುತ್ತದೆ. ಆ ಹಸಿವೇ ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್‌ಗೆ ಅಪಾಯ: ನೇರವಾಗಿ ಜೋಡಿಸಿದರೆ ಅದು ಪೂರ್ಣ ಬಲದಲ್ಲಿ ದುಡಿದು ಸುಟ್ಟುಹೋಗಬಹುದು. ನಡುವೆ ಹರಿವನ್ನು ಮಿತಿಯಲ್ಲಿಡುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿದೆವು. ಬ್ಯಾಟರಿಯ ಪಕ್ಕದಲ್ಲೇ, ಶಾರ್ಟ್ ಆದರೆ ಭಾರೀ ಪ್ರವಾಹವನ್ನೂ ತಟ್ಟನೆ ಕಡಿಯುವ ಕ್ಲಾಸ್-ಟಿ ಫ್ಯೂಸ್ ಇದೆ. ಸಮುದ್ರದ ಮಧ್ಯೆ ಬೆಂಕಿ ಹತ್ತಿದರೆ ಓಡಿಹೋಗಲು ಅಂಗಳವಿಲ್ಲವಾದ್ದರಿಂದ ಇಲ್ಲಿ ಉಳಿತಾಯದ ಯೋಚನೆಯನ್ನೇ ಮಾಡಲಿಲ್ಲ.

ತಂತಿಯ ಬಗ್ಗೆಯೂ ಹೇಳಲೇಬೇಕು. ಹಳೆಯ ತಂತಿ ಹೊರಗಿನಿಂದ ಹೊಚ್ಚಹೊಸದರಂತಿತ್ತು. ತುದಿಯಿಂದ ಎರಡು ಗೇಣು ಒಳಗೆ ಸಿಪ್ಪೆ ಸುಲಿದು ನೋಡಿದರೆ ತಾಮ್ರದ ಎಳೆಗಳು ಕಪ್ಪಾಗಿದ್ದವು, ಉಗುರಿನಿಂದ ಗೀರಿದರೆ ಹಸಿರು ಪುಡಿ ಉದುರಿತು. ಉಪ್ಪುಗಾಳಿ ಅಷ್ಟು ದೂರ ಒಳಹೊಕ್ಕಿತ್ತು. ಈಗಿರುವುದು ಪ್ರತಿ ಎಳೆಗೂ ತವರ ಲೇಪಿಸಿದ 6 ಚದರ ಮಿಲಿಮೀಟರ್‌ನ ತಂತಿ. ಡೆಕ್‌ನೊಳಗೆ ಹೋಗುವ ಮುನ್ನ ಅದನ್ನು ಕೆಳಕ್ಕೆ ಬಾಗಿಸಿದ್ದೇವೆ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯಲ್ಲಿ ಕೆಲವು ದಿನ ಮುಕ್ಕಾಲು ಯೂನಿಟ್ಟೂ ಬರುವುದಿಲ್ಲ. ಮೂರನೆಯ ಪ್ಯಾನೆಲ್ ಹಾಕೋಣವೆಂದರೆ ಕಮಾನಿನ ಭಾರವೂ ಅದು ಹಿಡಿಯುವ ಗಾಳಿಯೂ ದೋಣಿಗೆ ಈಗಾಗಲೇ ಸಾಕಷ್ಟಾಗಿವೆ. ಹಾಗಾಗಿ ಫ್ರಿಜ್ ಪೆಟ್ಟಿಗೆಯ ಸುತ್ತ ಐದು ಸೆಂಟಿಮೀಟರ್ ದಪ್ಪದ ಫೋಮ್ ಹಲಗೆ ಹಚ್ಚಿ, ಮುಚ್ಚಳದ ಸವೆದ ರಬ್ಬರ್ ಬದಲಾಯಿಸಿದೆವು. ಕಂಪ್ರೆಸರ್ ಓಡುವ ಅವಧಿ 14 ತಾಸಿನಿಂದ 10ಕ್ಕೆ ಇಳಿದಿದೆ.