ಡ್ರಮ್ಮಿನೊಳಗೆ ಕಟ್ಟಿದ ಬಾವಿ

2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಮುಂಬಯಿಯ ಕೊಲಾಬಾದಲ್ಲಿ ಅಂದು ನೂರು ಮಿಲಿಮೀಟರ್ ಮಳೆಯೂ ಬೀಳಲಿಲ್ಲ. ನಾವಿದ್ದದ್ದು ಕಲೀನಾದಲ್ಲಿ, ಮಿಠಿ ನದಿಗೆ ದೂರವಲ್ಲದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ನೆರೆ ಇಳಿದ ಮೇಲೆ ನೋಡಿದರೆ ನೆಲದಡಿಯ ಟಾಂಕಿಯ ತುಂಬ ಗಟಾರದ ನೀರು, ಅದರ ಮೇಲೆ ಡೀಸೆಲ್ಲಿನ ತೆಳು ಪೊರೆ. ವಿದ್ಯುತ್ ಇಲ್ಲದ್ದರಿಂದ ಪಂಪೂ ಇಲ್ಲ. ಅಂಗಡಿಯ ಬಾಟಲಿ ನೀರು ಮರುದಿನ ಬೆಳಿಗ್ಗೆಯೇ ಮುಗಿದಿತ್ತು.

ಆಗ ನಾನು ಕನ್ನಡ ರಾತ್ರಿ ಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕನಾಗಿದ್ದೆ. ನೀರಿನ ಶುದ್ಧೀಕರಣದ ಪಾಠವನ್ನು ಹಲಗೆಯ ಮೇಲೆ ಅಂದವಾದ ಚಿತ್ರ ಬರೆದು ಎಷ್ಟೋ ವರ್ಷ ಮಾಡಿದ್ದೆನಾದರೂ, ಒಂದೇ ಒಂದು ಕೊಡ ನೀರನ್ನು ನನ್ನ ಕೈಯಾರೆ ಶುದ್ಧ ಮಾಡಿದವನಲ್ಲ. ಕತಕದ ಕಾಯಿ ನೀರನ್ನು ತಿಳಿಗೊಳಿಸುತ್ತದೆ ನಿಜ, ಆದರೆ ಕತಕವೆಂದು ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬ ಹಳೆಯ ಮಾತೊಂದಿದೆ; ಕುಡಿಯಲು ನೀರಿಲ್ಲದ ಆ ನಾಲ್ಕು ದಿನ ಅದು ನನಗಾಗಿಯೇ ಆಡಿದ ಮಾತಿನಂತೆ ಕೇಳಿಸಿತು.

ಮುಂಬಯಿಗೆ ಕುಡಿಯುವ ನೀರು ಬರುವುದು ಏಳು ಕೆರೆಗಳಿಂದ. ಅವುಗಳಲ್ಲಿ ವಿಹಾರ ಮತ್ತು ತುಳಸಿ ಮಾತ್ರ ಊರೊಳಗಿವೆ. ಭಾತ್ಸಾ, ತಾನಸಾ, ವೈತರಣಾಗಳೆಲ್ಲ ದೂರದ ಠಾಣೆ, ನಾಸಿಕ ಜಿಲ್ಲೆಗಳ ಕಡೆಯವು. ಭಾಂಡೂಪಿನ ಶುದ್ಧೀಕರಣ ಕೇಂದ್ರ, ಪಂಪುಗಳು, ವಿದ್ಯುತ್ ಇವುಗಳಲ್ಲಿ ಯಾವುದಾದರೊಂದು ವಾರಗಟ್ಟಲೆ ನಿಂತುಹೋದರೆ ನಮ್ಮ ಗತಿಯೇನು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಮುಂದಿನ ಬೇಸಿಗೆಯಲ್ಲಿ ಕೆಲಸ ಆರಂಭಿಸಿದೆ.

ಮೊದಲು ಸುಲಭದ ಉಪಾಯಗಳನ್ನು ಪರೀಕ್ಷಿಸಿದೆ. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಳಿ ನೀರು ತುಂಬಿ ಆರು ಗಂಟೆ ಪ್ರಖರ ಬಿಸಿಲಿನಲ್ಲಿಟ್ಟರೆ ರೋಗಾಣುಗಳು ಸಾಯುತ್ತವೆ. ಆದರೆ ಮುಂಬಯಿಯಲ್ಲಿ ನೀರು ಕೆಡುವುದು ಮಳೆಗಾಲದಲ್ಲಿ, ಬಿಸಿಲೇ ಇಲ್ಲದ ದಿನಗಳಲ್ಲಿ. ಕುದಿಸುವುದು ಖಚಿತವಾದ ಮಾರ್ಗವಾದರೂ 14.2 ಕಿಲೋದ ಸಿಲಿಂಡರು ಅಡುಗೆಗೂ ಬೇಕು, ಮತ್ತೊಂದು ಬರುವ ಭರವಸೆ ಇಲ್ಲದಿರುವಾಗ ಅದನ್ನು ನೀರಿಗೆ ಸುರಿಯಲು ಕೈ ಬರುವುದಿಲ್ಲ. ಪಟಿಕ, ಇಲ್ಲಿಯವರ ಭಾಷೆಯಲ್ಲಿ ತುರಟಿ, ಕೆಸರನ್ನು ತಳಕ್ಕೆ ಇಳಿಸುತ್ತದೆಯೇ ಹೊರತು ನೀರನ್ನು ನಿರಪಾಯಗೊಳಿಸುವುದಿಲ್ಲ. ಸೊಸೈಟಿಯ ಮೀಟರ್ ಕೋಣೆಯಲ್ಲಿ ಬ್ಲೀಚಿಂಗ್ ಪೌಡರಿನ ಡಬ್ಬಿಯೊಂದು ಸಿಕ್ಕಿತು. ತೆರೆದರೆ ತೇವ ಹಿಡಿದ ಸುಣ್ಣದ ಮುದ್ದೆ, ಮೂಗಿಗೆ ಹಿಡಿದರೂ ಕ್ಲೋರಿನ್ನಿನ ವಾಸನೆಯಿಲ್ಲ. ಕೂಡಿಟ್ಟ ವಸ್ತುಗಳನ್ನು ನಂಬಿ ಕೂರಬಾರದೆಂದು ನನಗನ್ನಿಸಿದ್ದು ಅಲ್ಲಿಯೇ.

ಉಳಿದದ್ದು ನಿಧಾನ ಮರಳು ಸೋಸುಕ, ಅಂದರೆ ನೀರನ್ನು ಮರಳಿನ ಪದರಿನ ಮೂಲಕ ಮೆಲ್ಲಗೆ ಇಳಿಸಿ ಸೋಸುವ ವ್ಯವಸ್ಥೆ. 1829ರಲ್ಲಿ ಲಂಡನ್ನಿನ ಚೆಲ್ಸಿ ಜಲ ಕಂಪನಿಗಾಗಿ ಜೇಮ್ಸ್ ಸಿಂಪ್ಸನ್ ಕಟ್ಟಿದ ಸೋಸುಕದ ತತ್ತ್ವ ಇದೇ. 1892ರಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗಿನಲ್ಲಿ ಕಾಲರಾಕ್ಕೆ 8,000ಕ್ಕೂ ಹೆಚ್ಚು ಜನ ಬಲಿಯಾದರೆ, ಅದೇ ನದಿಯ ಇನ್ನೂ ಹೊಲಸಾದ ಕೆಳಭಾಗದಿಂದ ನೀರೆತ್ತಿ ಮರಳಿನಲ್ಲಿ ಸೋಸುತ್ತಿದ್ದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಮನೆಯ ಬಳಕೆಗೆ ಹೊಂದುವಂತೆ ಇದನ್ನು ಚಿಕ್ಕದಾಗಿಸಿ, ದಿನಕ್ಕೊಮ್ಮೆ ನೀರು ಹೊಯ್ದರೂ ನಡೆಯುವಂತೆ ಮಾಡಿದವರು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಜ್. ಇದಕ್ಕೆ ವಿದ್ಯುತ್ ಬೇಡ, ಬದಲಾಯಿಸುವ ಕ್ಯಾಂಡಲ್ ಬೇಡ.

200 ಲೀಟರಿನ ನೀಲಿ ಡ್ರಮ್ಮೊಂದನ್ನು ಕೊಂಡೆ. ಅದರಲ್ಲಿ ಹಿಂದೆ ಏನಿತ್ತೆಂದು ಕೇಳದೆ ಕೊಳ್ಳಬಾರದು. ನನ್ನದರಲ್ಲಿ ಇದ್ದದ್ದು ಹಣ್ಣಿನ ತಿರುಳು. ಮರಳಿನ ವಿಷಯದಲ್ಲಿ ಮಾತ್ರ ಮೊದಲ ಸಲ ಸೋತೆ. ಅಕ್ಕಪಕ್ಕದ ಕಟ್ಟಡ ಕೆಲಸದಲ್ಲಿ ಮಿಕ್ಕ ರೇತಿಯನ್ನು ಪುಕ್ಕಟೆ ಸಿಕ್ಕಿತೆಂದು ತಂದು ತುಂಬಿದೆ. ಅದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಮರಳು. ಹತ್ತು ದಿನವಾದರೂ ಸೋಸಿದ ನೀರು ನಾಲಿಗೆಗೆ ಉಪ್ಪುಪ್ಪಾಗಿ ತಾಗುತ್ತಿತ್ತು. ಎಲ್ಲವನ್ನೂ ಹೊರಗೆ ಚೆಲ್ಲಿ, ಕ್ವಾರಿಯ ಕ್ರಶ್ ಸ್ಯಾಂಡ್ ತರಿಸಿದೆ. ಕಲ್ಲು ಒಡೆದು ಮಾಡಿದ್ದಾದ್ದರಿಂದ ಅದರಲ್ಲಿ ಉಪ್ಪಾಗಲಿ ಕೊಳೆತ ಕಸವಾಗಲಿ ಇರುವುದಿಲ್ಲ.

ಜರಡಿ ಹಿಡಿಯಲು ಮೂರು ಭಾನುವಾರಗಳು ಬೇಕಾದವು. 0.7 ಮಿಲಿಮೀಟರಿನ ಕಣ್ಣಿನಲ್ಲಿ ಇಳಿದದ್ದು ಸೋಸುವ ಮರಳು, 1ರಿಂದ 6 ಮಿಲಿಮೀಟರಿನದು ನಡುವಿನ ಪದರು, 6ರಿಂದ 12 ಮಿಲಿಮೀಟರಿನ ಜಲ್ಲಿ ತಳಕ್ಕೆ. ತೊಳೆಯುವುದರಲ್ಲಿ ಒಂದು ಸೂಕ್ಷ್ಮವಿದೆ. ಜಲ್ಲಿಯನ್ನು ನೀರು ಪೂರ್ತಿ ತಿಳಿಯಾಗುವವರೆಗೆ ತೊಳೆಯಬೇಕು, ಮರಳನ್ನು ಹಾಗೆ ತೊಳೆಯಬಾರದು. ತೀರ ಸಣ್ಣ ಕಣಗಳೆಲ್ಲ ಹೋದರೆ ನೀರು ವೇಗವಾಗಿ ಇಳಿದುಹೋಗುತ್ತದೆ. ಗಾಜಿನ ಉಪ್ಪಿನಕಾಯಿ ಭರಣಿಯಲ್ಲಿ ಒಂದಿಷ್ಟು ಮರಳಿಗೆ ನೀರು ಹಾಕಿ ತಿರುಗಿಸಿ ನಿಲ್ಲಿಸಿದೆ. ಮೂರು ನಾಲ್ಕು ಸೆಕೆಂಡಿನಲ್ಲಿ ಮಂಕು ನೀರಿನ ಮೂಲಕ ಮರಳಿನ ಮೇಲ್ಮೈ ಕಂಡರೆ ಸಾಕು, ಅಲ್ಲಿಗೆ ಕೈ ತೊಳೆದುಕೊಳ್ಳಬಹುದು.

ಐದು ಸೆಂಟಿಮೀಟರ್ ಜಲ್ಲಿ, ಅದರ ಮೇಲೆ ಐದು ಸೆಂಟಿಮೀಟರ್ ನಡುವಿನ ಪದರು, ಅದರ ಮೇಲೆ 55 ಸೆಂಟಿಮೀಟರ್ ಮರಳು. ಡ್ರಮ್ಮಿನಲ್ಲಿ ಮೊದಲೇ ನೀರು ಇರಿಸಿ, ಅದರೊಳಗೆ ಮರಳು ಸುರಿಯಬೇಕು, ಇಲ್ಲವಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬರಿಯ ಮರಳೇ ಇನ್ನೂರು ಕಿಲೋ ಮೀರುವುದರಿಂದ ಗ್ಯಾಲರಿಯಲ್ಲಿಡುವ ಯೋಚನೆ ಬಿಟ್ಟು, ವಾಚ್‌ಮನ್ನನ ಕೋಣೆಯ ಹಿಂದೆ ಇಟ್ಟೆ. ಹೋಟೆಲು ನಡೆಸುವ ನೆರೆಯ ಶೆಟ್ಟರು ಬಗ್ಗಿ ನೋಡಿ, “ಮಾಷ್ಟ್ರೇ, ಊರಲ್ಲಿ ಬಾವಿ ಬಿಟ್ಟು ಬಂದು ಇಲ್ಲಿ ಡ್ರಮ್ಮಿನೊಳಗೆ ಬಾವಿ ಕಟ್ತೀರಲ್ಲ!” ಎಂದರು. ಸುರಿಯುವ ನೀರು ಮರಳನ್ನು ಕದಡದಂತೆ ಮೊಳೆಯಿಂದ ತೂತು ಕೊರೆದ ಹಳೆಯ ಅಲ್ಯುಮಿನಿಯಂ ಪರಾತವನ್ನು ಕೊಟ್ಟವರೂ ಅವರೇ.

ಇಡೀ ಸೋಸುಕದ ಜೀವ ಇರುವುದು ಹೊರಗಿನ ಪೈಪಿನ ಎತ್ತರದಲ್ಲಿ. ತಳದಿಂದ ಹೊರಟ ಪಿವಿಸಿ ಪೈಪು ಡ್ರಮ್ಮಿನ ಹೊರಮೈಗುಂಟ ಮೇಲೇರಿ, ಮರಳಿನ ಮಟ್ಟಕ್ಕಿಂತ ಐದು ಸೆಂಟಿಮೀಟರ್ ಮೇಲೆ ಬಾಗಿ ಬಾಯಿ ತೆರೆಯಬೇಕು. ಹಾಗಿದ್ದರೆ ಹರಿವು ನಿಂತಾಗ ಮರಳಿನ ಮೇಲೆ ಸರಿಯಾಗಿ ಐದು ಸೆಂಟಿಮೀಟರ್ ನೀರು ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಮರಳು ಒಣಗುತ್ತದೆ, ಹೆಚ್ಚಾದರೆ ಕೆಳಗಿನ ಪದರಿಗೆ ಗಾಳಿ ಮುಟ್ಟುವುದಿಲ್ಲ. ನೀರನ್ನು ಶುದ್ಧಗೊಳಿಸುವುದು ಮರಳೊಂದೇ ಅಲ್ಲ, ಅದರ ಮೇಲೆ ಬೆಳೆಯುವ ಲೋಳೆಯಂಥ ಜೀವಪದರು. ಹೊಸ ನೀರಿನಲ್ಲಿ ಬಂದ ರೋಗಾಣುಗಳನ್ನು ಅಲ್ಲಿರುವ ಜೀವಿಗಳು ತಿಂದುಹಾಕುತ್ತವೆ. ಈ ಪದರು ಹದಕ್ಕೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಹೀಗಾಗಿ ನಲ್ಲಿ ನಿಂತ ದಿನ ಡ್ರಮ್ ಕೊಳ್ಳಲು ಹೊರಟವನಿಗೆ ಅತ್ಯಂತ ಅಪಾಯದ ಆ ಮೊದಲ ವಾರಗಳಲ್ಲಿ ಇದು ಅರ್ಧಂಬರ್ಧ ಉಪಯೋಗಕ್ಕಷ್ಟೇ ಬರುತ್ತದೆ.

ದಿನಕ್ಕೆ ಎರಡೂವರೆ ಕೊಡ, ಅಂದರೆ ಸುಮಾರು 40 ಲೀಟರ್ ಹೊಯ್ಯುತ್ತಿದ್ದೆ. ಫಲಿತಾಂಶ ನೋಡಲು ಗ್ವಾಲಿಯರಿನ ರಕ್ಷಣಾ ಸಂಶೋಧಕರು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಶೀಶೆಗಳನ್ನು ತಂದೆ. ನೀರು ತುಂಬಿ ಬೆಚ್ಚಗಿಟ್ಟರೆ, ಮಲದ ಸೋಂಕಿರುವ ನೀರು ಒಂದೆರಡು ದಿನಗಳಲ್ಲಿ ಕಪ್ಪಾಗುತ್ತದೆ. ಮೊದಲ ವಾರದ ಶೀಶೆ ಮಸಿಯಂತೆ ಕಪ್ಪು. ಎರಡನೆಯ ವಾರದ್ದು ತಳದಲ್ಲಿ ಮಾತ್ರ ಕಪ್ಪು. ನಾಲ್ಕನೆಯ ವಾರದ್ದು ಮೂರನೆಯ ದಿನವೂ ಹಳದಿಯಾಗಿಯೇ ಇತ್ತು, ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಹೆಂಡತಿಗೆ ಎರಡೆರಡು ಸಲ ತೋರಿಸಿದೆ.

ಆದರೂ ಸೋಸಿದ ನೀರಿಗೆ ಕ್ಲೋರಿನ್ ಬೆರೆಸದೆ ಕುಡಿಯುವುದಿಲ್ಲ. ಶೇಕಡ 25 ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪೌಡರ್ 40 ಗ್ರಾಂ ಒಂದು ಲೀಟರ್ ನೀರಿಗೆ ಕಲಸಿ, ತಿಳಿ ಬಸಿದುಕೊಂಡು ಕಂದು ಬಾಟಲಿಯಲ್ಲಿಟ್ಟರೆ ಶೇಕಡ 1ರ ದ್ರಾವಣವಾಗುತ್ತದೆ. 15 ಲೀಟರಿನ ಕೊಡಕ್ಕೆ ಅದರ 3 ಮಿಲಿಲೀಟರ್ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ವಾರಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳಬೇಕು. ಇನ್ನು, 2005ರಲ್ಲಿ ನಮ್ಮ ಟಾಂಕಿಯಲ್ಲಿದ್ದಂಥ ಡೀಸೆಲ್ ನೀರನ್ನು ಈ ಡ್ರಮ್ ಸೋಸಲಾರದು, ಉಪ್ಪನ್ನೂ ತೆಗೆಯಲಾರದು. ಮಳೆಗಾಲದಲ್ಲಿ ಛಾವಣಿಯ ನೀರನ್ನೇ ಹಿಡಿದು ಹೊಯ್ಯುವುದು ಕ್ಷೇಮ.

ಹರಿವು ತೀರ ಕಡಿಮೆಯಾದಾಗ ಮೇಲಿನ ಮರಳನ್ನು ಅಂಗೈಯಿಂದ ಮೃದುವಾಗಿ ಕದಡಿ, ಕೆಸರು ನೀರನ್ನು ಚೊಂಬಿನಲ್ಲಿ ಮೊಗೆದು ಚೆಲ್ಲಿದರೆ ಸಾಕು. ನಾನು ಮಾಡಿದ ದೊಡ್ಡ ತಪ್ಪು ಬೇರೆ. ಮೊದಲ ಮೇ ತಿಂಗಳಲ್ಲಿ ಇಪ್ಪತ್ತು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ, ಮೇಲಿನ ನೀರು ಆರಿ, ಜೀವಪದರು ಹಪ್ಪಳದಂತೆ ಸುರುಳಿಗಟ್ಟಿ ಎದ್ದಿತ್ತು. ಮತ್ತೆ ಒಂದು ತಿಂಗಳ ಕಾಯುವಿಕೆ.

ಮರುವರ್ಷ ಊರಿಗೆ ಹೊರಡುವಾಗ ವಾಚ್‌ಮನ್ನನಿಗೆ ಕೆಲಸ ಒಪ್ಪಿಸಿದೆ. ನೀರು ಹೊಯ್ದ ದಿನಕ್ಕೊಂದರಂತೆ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯುವಂತೆ ಹೇಳಿದ್ದೆ. ಹಿಂತಿರುಗಿ ಎಣಿಸಿದರೆ ಹದಿನೆಂಟು ದಿನಕ್ಕೆ ಹದಿನಾರೇ ಗೆರೆ. ಕೇಳಿದ್ದಕ್ಕೆ, ಆ ಎರಡು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ, ಅದಕ್ಕೇ ಹಿಂದಿನ ದಿನ ಸೋಸಿದ್ದನ್ನೇ ತಿರುಗಿ ಮೇಲೆ ಹೊಯ್ದೆ, ಹೊಸ ನೀರಲ್ಲವಲ್ಲ ಎಂದು ಗೆರೆ ಎಳೆಯಲಿಲ್ಲ ಎಂದ. ಪದರು ಒಣಗಬಾರದೆಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಆ ಸಂಜೆ ತುಂಬಿಟ್ಟ ಶೀಶೆ ಕಪ್ಪಾಗಲಿಲ್ಲ.